ಒಂದು ಬದಿ ಅಚ್ಚಾದ ಹಾಳೆ

ಗುರುವಾರ, ಪ್ರೆಸ್ಸಿನ ಊಟದ ಬಿಡುವು

ಪ್ರೀತಿಯ ಅಮ್ಮ,

ದೊಡ್ಡಮ್ಮನ ಮಂಡಿ ಆಪರೇಷನ್ನಿನ ನೋವು ಇಳಿಯಿತೇ? ಇಲ್ಲಿ ಎಲ್ಲ ಕ್ಷೇಮ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಹೆದರಬೇಡ, ಅವರೀಗ ಆರಾಮಾಗಿದ್ದಾರೆ. ಹೋದ ವಾರ ಇರಲಿಲ್ಲ.

ಹೃದಯ ವೈದ್ಯರ ಸಂಘದ ಕರಪತ್ರವೊಂದು ನಮ್ಮಲ್ಲಿಗೆ ಅಚ್ಚಿಗೆ ಬಂದಿತ್ತು. ಓದದೆ ಮಡಿಸುವುದು ನನ್ನ ಜಾಯಮಾನವಲ್ಲ, ನಿನಗೆ ಗೊತ್ತಲ್ಲ. ಹೃದಯಾಘಾತವಾದವರಿಗೆ ವರ್ಷಗಟ್ಟಲೆ ಕೊಡುವ, ಬಡಿತ ನಿಧಾನಿಸುವ ಮಾತ್ರೆಯಿದೆಯಲ್ಲ, ಅಪ್ಪನ ಬಿಳಿ ಮಾತ್ರೆ, ಅದರಿಂದ ಬಹಳ ಮಂದಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣುತ್ತಿಲ್ಲ ಎಂದು ಈಚಿನ ಸಂಶೋಧನೆಗಳು ಹೇಳುತ್ತಿವೆಯಂತೆ. ನನಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಅದನ್ನು ನುಂಗಿ ಅಪ್ಪ ತೂಕಡಿಸಿದ್ದು ಯಾವ ಪುರುಷಾರ್ಥಕ್ಕೆ? ಪ್ರಶ್ನಿಸದೆ ನುಂಗುವುದೂ ಗುಲಾಮಗಿರಿಯೇ ಎಂದು ಅಂದು ಸಂಜೆಯೇ ಭಾಷಣ ಬಿಗಿದೆ. ಅವರು ನಕ್ಕು, “ಆಯ್ತು ತಾಯಿ, ಓದಿದೋಳು ನೀನು. ಬಿಟ್ಟೆ ಬಿಡು,” ಅಂದರು.

ನಾನು ಓದಿದ್ದು ಒಂದೇ ಬದಿ, ಅಮ್ಮ. ಶಾಯಿ ಒಣಗಲು ಹರಡಿದ್ದ ಹಾಳೆ ಅದು. ಹಿಂಬದಿ ಅಚ್ಚಾದದ್ದು ಮರುದಿನ, ನಾನು ಬೈಂಡಿಂಗ್ ಕೋಣೆಯಲ್ಲಿದ್ದಾಗ.

ಮಾತ್ರೆ ಬಿಟ್ಟ ಆರನೇ ದಿನ ಅಪ್ಪ ಪ್ರೆಸ್ಸಿನಲ್ಲಿ ತಮ್ಮ ಕಟಿಂಗ್ ಮಷಿನ್ನಿಗೆ ಕಾಗದದ ಕಟ್ಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದವರು ನಡುವೆಯೇ ಕುಸಿದು ಕೂತರು. ಕೈ ಹಿಡಿದೆ, ನಾಡಿ ಲಂಗುಲಗಾಮಿಲ್ಲದೆ ಓಡುತ್ತಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಇಸಿಜಿ ಮಾಡುವಾಗ ನಾನು ಹೊರಗಿನ ಬೆಂಚಿನಲ್ಲಿ ಕೂರಲಾರದೆ ಎದ್ದೆ, ಕೂತೆ, ಎದ್ದೆ. ಎದುರಿನ ಮೇಜಿನ ಮೇಲೆ ಅದೇ ಕರಪತ್ರ, ಓದಿದ್ದೇ ತಾನೆ ಎಂದು ಹಿಂಬದಿ ನೋಡದೆ ನಾನೇ ಮಡಿಸಿದ್ದು. ಮಗುಚಿದೆ. ಮುಂಬದಿಯ ಮಾತು ಹೃದಯದ ಶಕ್ತಿ ಚೆನ್ನಾಗಿ ಉಳಿದವರಿಗೆ ಮಾತ್ರ. ಶಕ್ತಿ ಕುಗ್ಗಿದವರಿಗೆ ಈ ಮಾತ್ರೆ ಬೇಕೇ ಬೇಕು. ಯಾರೇ ಆಗಲಿ, ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು ಎಂದಿತ್ತು. ಅಪ್ಪನದು ಕುಗ್ಗಿದ ಹೃದಯ. ಅದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

“ಮಾತ್ರೆ ಬಿಡೋಕೆ ಯಾರ್ರೀ ಹೇಳಿದ್ದು?” ಎಂದು ಡಾಕ್ಟರು ಗದರಿದರು. ಅಪ್ಪ, “ಯಾರೂ ಇಲ್ಲ ಡಾಕ್ಟ್ರೇ, ಮರೆತೋಯ್ತು. ಈ ತಲೆ ತೂತು ಮಡಕೆ,” ಎಂದುಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದರು.

ಡಾಕ್ಟರ ಚೀಟಿಯಲ್ಲಿ ‘ಮರೆವು’ ಎಂದಿತ್ತು. ರಜೆಗೆಂದು ಕೊಟ್ಟ ಆ ಚೀಟಿಯನ್ನು ಪ್ರೆಸ್ಸಿನ ಯಜಮಾನರು ಎರಡು ಸಲ ಓದಿದರು. “ಮರೆಯೋ ಮನುಷ್ಯನ ಕೈಗೆ ಬ್ಲೇಡು ಹೇಗಮ್ಮ ಕೊಡ್ಲಿ?” ಅಂದರು. ಬರುವ ಸೋಮವಾರದಿಂದ ಕಟಿಂಗ್ ಮಷಿನ್ನಿಗೆ ಬೇರೆಯವರು, ಅಪ್ಪನಿಗೆ ಗೇಟು ಕಾಯುವ ಸ್ಟೂಲು. ಇಪ್ಪತ್ತಾರು ವರ್ಷ ಒಂದು ಬೆರಳೂ ಗೀರಿಸಿಕೊಳ್ಳದ ಮನುಷ್ಯ ಅಮ್ಮ! ನಿನ್ನೆ ಅವರು ಆ ಮಷಿನ್ನನ್ನು ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು.

ನಾನು ಸುಮ್ಮನಿರಲಿಲ್ಲ. ದುಡಿಯುವವರ ಹಕ್ಕಿನ ಬಗ್ಗೆ ಮೂರು ಪುಟ ಮನವಿ ಬರೆದೆ, ಹನ್ನೊಂದು ಸಹಿ ಹಾಕಿಸಿದೆ. ಅಪ್ಪನಿಗೆ ತೋರಿಸಿದೆ. ಪೂರ್ತಿ ಓದಿದರು. “ಬೆಂಕಿ ಹಂಗೆ ಬರ್ದಿದ್ದೀಯ,” ಅಂದರು. ಆಮೇಲೆ ಕೊನೆಯ ಹಾಳೆ ಮಗುಚಿ, “ಹಿಂದೆ ಏನೂ ಇಲ್ವಾ?” ಎಂದು ಕೇಳಿದರು.

ಮನವಿಯನ್ನು ಇನ್ನೂ ಕೊಟ್ಟಿಲ್ಲ, ನನ್ನ ಚೀಲದಲ್ಲೇ ಇದೆ.

ದೊಡ್ಡಮ್ಮನನ್ನು ಕೇಳಿದೆನೆಂದು ಹೇಳು.

ನೀನು ಹೆತ್ತ,
ಮನೆಯವರೆಲ್ಲ ‘ಕರಪತ್ರ’ ಎಂದು ಕರೆಯುವವಳು

ಮರೆತ ಮಾತು, ಹಾಳೆಯ ಹಿಂಬದಿಗೆ: ಅವತ್ತು ಮುಂದಿನ ರೋಗಿಯನ್ನು ಯಾರೂ ಕರೆಯಲಿಲ್ಲ. ಡಾಕ್ಟರು ಪೆನ್ನು ಎತ್ತಿ ಹಿಡಿದು ನನ್ನತ್ತ ತಿರುಗಿ, “ನಿಜಾನೇನಮ್ಮ, ಮರೀತಾರಾ?” ಎಂದು ಕೇಳಿದ್ದರು. ನಾನು ಹೌದೆಂದು ತಲೆಯಾಡಿಸಿದೆ. ಮನವಿಯನ್ನು ಈಗ ಹರಿದೆ. ಬಿಡುವು ಮುಗಿಯಲು ಹತ್ತು ನಿಮಿಷವಿದೆ, ಯಜಮಾನರ ಕೋಣೆಯ ಬಾಗಿಲು ತೆರೆದಿದೆ. ಮೊದಲು ಅಲ್ಲಿಗೆ, ಸಂಜೆ ಡಾಕ್ಟರ ಹತ್ತಿರ, ಆಮೇಲಷ್ಟೇ ಅಂಚೆಪೆಟ್ಟಿಗೆಗೆ. ಈ ಪತ್ರ ನಿನ್ನ ಕೈಯಲ್ಲಿದೆಯೆಂದರೆ, ಹೇಳಿ ಬಂದಿದ್ದೇನೆ ಎಂದು ತಿಳಿ.