ಹಚ್ಚಂಬಲಿ ಉಂಡ ಬಾಯಿ

ಹೊಸನಗರ
12-10-2025

ಪ್ರೀತಿಯ ಗುತ್ಯಕ್ಕನಿಗೆ, ನಿನ್ನ ಜ್ಯೋತಿಯ ನಮಸ್ಕಾರ.

ಭೂಮಿ ಹುಣ್ಣಿಮೆ ಮುಗಿಸಿ ತಾಳಗುಪ್ಪದಿಂದ ಬಂದು ಇಷ್ಟು ದಿನವಾದರೂ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಬಳಿದ ಕೆಮ್ಮಣ್ಣು ಉಗುರಿನ ಸಂದಿಯಿಂದ ಹೋಗಿಲ್ಲ. ತೊಳೆಯಲು ಮನಸ್ಸೂ ಇಲ್ಲ.

ಅವ್ವ ಇದ್ದಾಗ ಹಬ್ಬದ ಹಿಂದಿನ ದಿನ ನಾವಿಬ್ಬರೂ ಅವಳ ಹಿಂದೆ ಬೇಲಿ ಬೇಲಿ ಸುತ್ತಿ, ಬೆರಕೆ ಸೊಪ್ಪು ಬೇಯಿಸಿ ಮಾಡುವ ಹಚ್ಚಂಬಲಿಗೆ ಕುಡಿ ಕೊಯ್ಯುತ್ತಿದ್ದೆವು. ಅಮಟೆ ಕುಡಿ, ಹಾಗಲ ಕುಡಿ, ಕೆಸು, ಹೆಸರೇ ಗೊತ್ತಿಲ್ಲದ ಎಷ್ಟೋ ಎಲೆಗಳು. ನಾನು ತಪ್ಪು ಎಲೆ ಕಿತ್ತರೆ, "ಏ ಪೆದ್ದಿ, ಅದನ್ನ ದನನೂ ಮೂಸಲ್ಲ" ಎಂದು ನೀನು ನಗುತ್ತಿದ್ದೆ. ಬೆಳಗಿನ ಜಾವ ಗದ್ದೆಗೆ ಚರಗ ಚೆಲ್ಲಿ, ಬಸುರಿ ಭೂಮಿತಾಯಿ ಉಂಡ ಮೇಲೆಯೇ ನಮ್ಮ ಊಟ.

ಈ ಸಲ ಗದ್ದೆ ಬದುವಿನಲ್ಲಿ ಉಣ್ಣುವಾಗ ನೀನು ಹಚ್ಚಂಬಲಿಗೆ ಮಜ್ಜಿಗೆ ಸುರಿದುಕೊಂಡು ಒಂದೇ ಕಡೆ ಅಗಿಯುತ್ತಿದ್ದೆ. ಮೆಣಸಿನಕಾಯಿ ಎಲೆಯ ತುದಿಗೆ ಸರಿಸಿದ್ದೆ. ಕೇಳಿದರೆ, "ಎಂತದೂ ಇಲ್ಲ ಕಣೇ, ಹಲ್ಲು ಚುಚ್ಚಿದ ಹುಣ್ಣು" ಎಂದೆ. "ಮಳೆಗಾಲದಿಂದ ಹಿಂಗೇ ಅದೆ, ಹೇಳಿದ್ರೆ ಕೇಳ್ಬೇಕಲ್ಲ ಈ ಮಾರಾಯ್ತಿ" ಎಂದರು ಜಟ್ಟಿಂಗಪ್ಪ ಭಾವ. ನೀನೋ, ಎಲೆಅಡಿಕೆ ಜೊತೆ ಹೊಗೆಸೊಪ್ಪು ತುರುಕಿಕೊಂಡು, "ಇಷ್ಟು ಕುಡಿ ತಿಂದ ಬಾಯಿಗೆ ಯಾವ ಕ್ಯಾನ್ಸರ್ ಬರ್ತದೆ? ನಿಮ್ ಪೇಪರಲ್ಲೇ ಹಾಕಿದಾರೆ" ಎಂದೆ. ಎಲ್ಲರೂ ನಕ್ಕರು.

ಪೇಪರಿನಲ್ಲಿ ಬಂದದ್ದು ಸುಳ್ಳಲ್ಲ ಅಕ್ಕ. ಸೊಪ್ಪು, ತರಕಾರಿ, ಹಣ್ಣು ಚೆನ್ನಾಗಿ ತಿಂದರೆ ಕೆಲವು ಬಗೆಯ ಕ್ಯಾನ್ಸರಿನ ಅಪಾಯ ಕಡಿಮೆಯಾಗಬಹುದು ಎಂದಿತ್ತು. ಬರುವುದೇ ಇಲ್ಲ ಎಂದಿರಲಿಲ್ಲ. ಹೊಗೆಸೊಪ್ಪು ಮಾಡುವ ಕೇಡನ್ನು ಹಚ್ಚಂಬಲಿ ಅಳಿಸುವುದಿಲ್ಲ. ಆ ಕೇಡಿಗೆ ಬರೀ ಅಡಿಕೆಯೂ ಸಾಕು ಎಂದರು ಇಲ್ಲಿಯ ಹಲ್ಲಿನ ಡಾಕ್ಟರು. ಎರಡು ಮೂರು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಲೇಬೇಕಂತೆ. ಬೇಗ ಗೊತ್ತಾದರೆ ವಾಸಿಯಾಗುವ ಸಾಧ್ಯತೆ ಹೆಚ್ಚಂತೆ. ನಿನ್ನದು ಬರೀ ಹುಣ್ಣೇ ಇರಬಹುದು. ಹಾಗಿದ್ದರೆ ಮಸಾಲೆ ದೋಸೆ ತಿಂದು ವಾಪಸು ಬರೋಣ.

ನೆನಪಿದೆಯಾ, ನನ್ನ ದವಡೆ ಹಲ್ಲು ಹುಳುಕಾದಾಗ ಅವ್ವ ನಮ್ಮಿಬ್ಬರನ್ನೂ ಸಾಗರಕ್ಕೆ ಕರೆದುಕೊಂಡು ಹೋಗಿದ್ದು? ನಾನು ಬಾಗಿಲು ಹಿಡಿದುಕೊಂಡು ಅತ್ತೆ. ಒಂದು ಹಲ್ಲೂ ನೋಯದ ನೀನು ಕುರ್ಚಿ ಹತ್ತಿ ಬಾಯಿ ಕಳೆದು, "ನಂದೇ ಮೊದ್ಲು ನೋಡಿ" ಎಂದೆ. ಅದನ್ನು ಕಂಡ ಮೇಲೇ ನಾನು ಕೂತಿದ್ದು.

ದೀಪಾವಳಿ ಕಳೆದ ಮೇಲಿನ ಸೋಮವಾರ ಬೆಳಿಗ್ಗೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಅಲ್ಲಿಂದ ಶಿವಮೊಗ್ಗದ ಆಸ್ಪತ್ರೆಗೆ ಹೋಗೋಣ. ಫೋನಿನಲ್ಲಿ ಹೇಳಿದರೆ ದನ ಕರು ಎಂದು ಮಾತು ತೇಲಿಸುತ್ತೀಯ, ಅದಕ್ಕೇ ಈ ಕಾಗದ. ಭಾವನಿಗೆ ಮಾತ್ರ ಹೇಳಿದ್ದೇನೆ. "ಹೊತ್ಕೊಂಡಾದ್ರೂ ಬರ್ತೀನಿ" ಎಂದಿದ್ದಾರೆ. ಅಷ್ಟು ಮಾಡಿಸಬೇಡ, ಅವರಿಗೆ ಸೊಂಟನೋವು.

ನಿನ್ನ ತಂಗಿ,
ಜ್ಯೋತಿಲಕ್ಷ್ಮಿ

ತಾ.ಕ.: ಆವತ್ತು ನಾನೂ ಮೆಣಸಿನಕಾಯಿ ಬದಿಗಿಟ್ಟಿದ್ದೆ, ನೀನು ನೋಡಲಿಲ್ಲ. ಬರೀ ಎಲೆಅಡಿಕೆ ಹಾಕುವ, ಹೊಗೆಸೊಪ್ಪು ಮುಟ್ಟದ ನನ್ನ ಕೆನ್ನೆಯ ಒಳಗೂ ಒಂದು ಬಿಳಿ ಮಚ್ಚೆ ಎದ್ದಿದೆ. ಚೂರು ತೆಗೆದು ಪರೀಕ್ಷೆ ಮಾಡಬೇಕಂತೆ. ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದುಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಚೀಟಿ ಇಬ್ಬರ ಹೆಸರಿಗೂ ಮಾಡಿಸೋಣ ಅಕ್ಕ. ಕುರ್ಚಿಯ ಮೇಲೆ ನೀನೇ ಮೊದಲು ಕೂರು.