ಅಗಸಿಯ ಹೊರಗೆ ನಿಂತ ಗಾಡಿ

ಬೆಟಗೇರಿ
ಗುರುವಾರ, 12 ಜುಲೈ 2012

ಪ್ರೀತಿಯ ಜಾವೀದಣ್ಣಾ,

ವಾಸ್ಕೋದಲ್ಲಿ ಮಳೆ ಜೋರಾಗಿದೆಯೆಂದು ಟಿವಿಯಲ್ಲಿ ನೋಡಿದೆ. ಕ್ರೇನಿನ ಸೀಟಿನಲ್ಲಿ ದಿನವಿಡೀ ಕುಳಿತು ಹಿಡಿದುಕೊಂಡಿದ್ದ ನಿನ್ನ ಸೊಂಟ ಈಗ ಹೇಗಿದೆ? ಅತ್ತಿಗೆಯ ಕೆಮ್ಮು ಇಳಿಯಿತೆ? ನಾನು ಕಳಿಸಿದ ಗುರೆಳ್ಳು ಚಟ್ನಿ ಪುಡಿಯನ್ನು ನೀನೊಬ್ಬನೇ ಮುಗಿಸಿರುತ್ತೀ, ಮಕ್ಕಳಿಗೂ ಸ್ವಲ್ಪ ಉಳಿಸು. ಇಲ್ಲಿ ನಾನು ಆರಾಮ. ಹಾಗೆ ಬರೆದ ಮೇಲೆ ಸುಳ್ಳು ಬರೆದೆನೇನೋ ಅನಿಸುತ್ತಿದೆ. ಮೈಗೆ ಆರಾಮ, ಸಿಟ್ಟು ಮಾತ್ರ ನಿನ್ನೆಯಿಂದ ಇಳಿದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಆತು ಬಿಡು’ ಎಂದು ಅರ್ಧಕ್ಕೇ ಮುಗಿಸುತ್ತೀ. ಕಾಗದವನ್ನು ಹಾಗೆ ನಡುವೆ ನಿಲ್ಲಿಸಲು ನಿನಗೆ ಬರುವುದಿಲ್ಲ.

ಅಬ್ಬಾ ತೀರಿಕೊಂಡ ಮೇಲೆ ಅವರು ಹತ್ತಿ ಹೇರುತ್ತಿದ್ದ ಸಣ್ಣ ಲಾರಿ ಮನೆ ಮುಂದೆ ಎರಡು ಮಳೆಗಾಲ ತೋಯ್ದುಕೊಂಡು ನಿಂತಿತ್ತು. ರಸ್ತೆ ಅಗಲ ಮಾಡುವಾಗ ನನ್ನ ಝೆರಾಕ್ಸ್ ಅಂಗಡಿ ಹೋಯಿತಲ್ಲ, ಆಗ ಅದೇ ಗಾಡಿಯಲ್ಲಿ ಆಫೀಸು ಮಾಡಿಕೊಂಡು ಊರೂರಿಗೆ ಹೋಗುತ್ತೇನೆಂದೆ. ನೀನು ಬೇಡವೆನ್ನಲಿಲ್ಲ, ಅದು ನೆನಪಿದೆ. ಹಿಂದೆ ತಗಡಿನ ಕೋಣೆ ಕಟ್ಟಿಸಿ, ಎರಡು ಕಂಪ್ಯೂಟರು, ಒಂದು ಪ್ರಿಂಟರು ಕೂರಿಸಿ, ಹಲಗೆಯ ಕೆಳಗೆ ವೈರು ಎಳೆದು ಮೂರನ್ನೂ ಜೋಡಿಸಿದೆ. ಇಂಟರ್‌ನೆಟ್ಟಿಗೆ ಗಾಡಿಯ ಮಾಳಿಗೆಯ ಮೇಲೊಂದು ಕೊಳವೆ ನಿಲ್ಲಿಸಿ ಅದರ ತುದಿಗೆ ಆಂಟೆನಾ. ಪ್ರತಿ ಊರಿನಲ್ಲೂ ಟವರಿನ ದಿಕ್ಕು ಹುಡುಕಿ ಅದನ್ನು ತಿರುಗಿಸಬೇಕು. ಯಾರಾದರೂ ಮೆಟ್ಟಿಲು ಹತ್ತಿದರೆ ಗಾಡಿ ಜೋಲಿ ಹೊಡೆದು ಅಕ್ಷರ ಸೊಟ್ಟಗೆ ಬರುತ್ತಿತ್ತು. ಈಗ ನಾಲ್ಕು ಮೂಲೆಗೂ ಜಾಕು ಕೊಟ್ಟು ನಿಲ್ಲಿಸುತ್ತೇವೆ. ಮೊದಲ ವಾರ ಪ್ರತಿ ಹಾಳೆಯ ನಡುವೆ ಒಂದು ಬಿಳಿ ಗೆರೆ. ರಿಪೇರಿಯವನು ಬಿಚ್ಚಿ ನೋಡಿದರೆ ರೋಲರಿನಲ್ಲಿ ಅರಳೆಯ ಎಳೆ. ಎಷ್ಟು ಗುಡಿಸಿದರೂ ಹಲಗೆಯ ಸಂದಿಯಿಂದ ಅಬ್ಬಾನ ಹತ್ತಿ ಇನ್ನೂ ಹೊರಬರುತ್ತಿದೆ. ನನಗೆ ನಗು ಬಂತು, ಆಮೇಲೆ ನಗು ನಿಲ್ಲಿಸಲಾಗಲಿಲ್ಲ. ಯಮನೂರಸಾಬ ಕಾಕಾ ಮುಖ ಆ ಕಡೆ ತಿರುಗಿಸಿ ನಿಂತರು. ಅಬ್ಬಾನ ಕಾಲದಿಂದ ಆ ಗಾಡಿ ಹೊಡೆದವರು, ಅವರಿಗೂ ಅಬ್ಬಾ ನೆನಪಾಗಿರಬೇಕು.

ಈಗ ಹೊಂಬಳ ಊರಿನ ಮಾತಿಗೆ ಬರುತ್ತೇನೆ. ಹತ್ತಿ ವ್ಯಾಪಾರಿ ಅಂದಪ್ಪ ನಿನಗೆ ಫೋನು ಮಾಡಿ ಹೇಳಿದ್ದು ಅರ್ಧ ಕಥೆ. ಆ ಅರ್ಧ ಖರೆ. ಮಂಗಳವಾರ ಗಾಡಿಯನ್ನು ಊರಬಾಗಿಲಲ್ಲಿ, ಅಗಸಿಯಲ್ಲೇ ತಡೆದರು, ನಾನು ಜಗಳವಾಡಿದೆ. ಊರಿನವರು ಆಷಾಢದಲ್ಲಿ ದ್ಯಾಮವ್ವನ ಹೆಸರಿನಲ್ಲಿ ಪ್ರತಿ ಮಂಗಳವಾರ ವಾರ ಹಿಡಿದಿದ್ದರು. ಆ ದಿನ ಗಳೆ ಹೂಡುವುದಿಲ್ಲ, ಗಿರಣಿ ಹಾಕುವುದಿಲ್ಲ, ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ, ಊರೊಳಗೆ ಗಾಲಿ ತಿರುಗುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಇದನ್ನು ಕಲಿಸಲಿಲ್ಲ ನಿಜ, ಆದರೆ ಹಿಂದಿನ ದಿನ ಒಂದು ಮಾತು ಕೇಳಬಹುದಿತ್ತು. ಕೇಳದೆ ಹೋಗಿ, ದಾರಿ ಎಲ್ಲರದೂ, ಯಾವ ಕಾನೂನಿನಲ್ಲಿ ತಡೆಯುತ್ತೀರಿ ಎಂದೆ. ಹಿರಿಯರಾದ ದ್ಯಾಮಪ್ಪನವರು ಎಲೆ ಅಗಿಯುತ್ತಾ, ‘ಕಾನೂನು ಇವತ್ತ ಸೂಟಿ ಐತ್ರಿ ಬಾಯಾರ, ನಮ್ಮ ಎತ್ತಿನಂಗ’ ಎಂದರು. ಎಲ್ಲರೂ ನಕ್ಕರು. ಬಸ್ಸು ಬರುತ್ತದಲ್ಲ ಎಂದೆ. ‘ಬಸ್ಸೂ ಅಗಸಿ ಹೊರಗ ನಿಂದರ್ತೈತಿ. ನೀವೂ ನಿಂದರ್ರಿ. ಅಲ್ಲಿ ನಿಮ್ಮ ಗಾಲಿ ನಿಮ್ಮದು’ ಎಂದರು. ನನಗೆ ಸಿಟ್ಟು ಬಂದದ್ದು ತಡೆದಿದ್ದಕ್ಕೋ, ನಕ್ಕಿದ್ದಕ್ಕೋ, ಈಗಲೂ ಸರಿಯಾಗಿ ಹೇಳಲಾರೆ. ಅಂದಪ್ಪ ಅಷ್ಟು ನೋಡಿ ಬಸ್ಸು ಹತ್ತಿದ.

ಅವನು ನೋಡದ ಅರ್ಧ ಇದು. ನಾವು ಹೊರಗಿನ ಬೇವಿನ ಗಿಡದ ಕೆಳಗೆ ಜಾಕು ಹಾಕಿ ನಿಂತೆವು. ಬೇರೆ ದಿನಗಳಲ್ಲಿ ಊರಿಗೆ ಹೋದರೆ ಜನ ಹೊಲದಲ್ಲಿರುತ್ತಾರೆ, ಕಟ್ಟೆಯ ಮೇಲೆ ಮುದುಕರು ಮತ್ತು ನಾಯಿಗಳು ಮಾತ್ರ. ಆ ದಿನ ಯಾರಿಗೂ ಕೆಲಸವಿಲ್ಲ. ಊರಿಗೆ ಊರೇ ನಡೆದುಕೊಂಡು ಹೊರಗೆ ಬಂತು. ಹಾಸ್ಟೆಲ್ ಅರ್ಜಿ, ಪಹಣಿ, ಕಾಲೇಜಿನ ಅರ್ಜಿ, ಒಬ್ಬನಿಗೆ ಲಗ್ನಪತ್ರಿಕೆಯ ಮಾದರಿ ಬೇರೆ. ಫಕ್ಕೀರವ್ವ ಎಂಬವರು ಮೊಮ್ಮಗಳನ್ನು ಕರೆದುಕೊಂಡು ಬಂದು, ‘ಒಂದು ಅರ್ಜಿಗೆ ಗದಗಿಗೆ ಹೋದ್ರ ಒಂದು ದಿನದ ಕೂಲಿ ಹೋಗತಿತ್ತ ನೋಡವಾ, ಇವತ್ತ ದ್ಯಾಮವ್ವನ ಸೂಟಿ ಕೊಟ್ಟಾಳ’ ಎಂದರು. ಮಧ್ಯಾಹ್ನ ಅವರೇ ನುಚ್ಚು ಮಜ್ಜಿಗೆ ತಂದು, ರೊಟ್ಟಿ ಇಲ್ಲದ್ದಕ್ಕೆ ಬೇಜಾರು ಮಾಡಿಕೊಂಡರು. ಸಂಜೆ ದ್ಯಾಮಪ್ಪನವರೂ ಬಂದು ಸಾಲಿನಲ್ಲಿ ನಿಂತರು. ‘ಮುಂದಿನ ಮಂಗಳವಾರನೂ ಬರ್ರಿ, ಜಗಳಾ ಮಾಡಾಕ ನಾನೂ ಪುರುಸೊತ್ತ ಇರ್ತೀನಿ’ ಎಂದರು. ಬರುವಾಗ ದಾರಿಯಲ್ಲೇ ಕಾಕಾ ಒಂದೊಂದು ಊರಿನ ಪರಿಚಯದವರಿಗೆ ಫೋನು ಹಚ್ಚಿ, ನಿಮ್ಮ ವಾರ ಯಾವತ್ತು ಎಂದು ಕೇಳಿದರು. ಅಡರಕಟ್ಟಿಯವರು ಶುಕ್ರವಾರ ಹಿಡಿದಿದ್ದಾರೆ. ಹಮ್ಮಿಗಿಯವರು ಹಿರಿಯರು ಕೂತು ಹೇಳುತ್ತೇವೆ ಎಂದಿದ್ದಾರೆ. ಅಡರಕಟ್ಟಿಗೆ ಈ ಶುಕ್ರವಾರವೇ, ಅಂದರೆ ನಾಳೆ, ಬರುತ್ತೇವೆ, ಅಗಸಿಯ ಹೊರಗೇ ನಿಲ್ಲುತ್ತೇವೆ ಎಂದು ಮಾತು ಕೊಟ್ಟೆ. ಕಾಲೇಜಿನ ಅರ್ಜಿಗೆ ಶನಿವಾರ ಕಡೆಯ ದಿನ. ನಾವು ಹೋಗದಿದ್ದರೆ ಅಲ್ಲಿಯ ಹುಡುಗಿಯರ ಈ ವರ್ಷ ಹೋಯಿತು. ಹುಡುಗರು ಹೇಗಾದರೂ ಲಕ್ಷ್ಮೇಶ್ವರಕ್ಕೆ ಓಡಿಹೋಗಿ ಮಾಡಿಸಿಕೊಳ್ಳುತ್ತಾರೆ.

ಹೀಗಿರುವಾಗ ನಿನ್ನೆ ಸಂಜೆ ಕಾಕಾ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಮುಖ ಎತ್ತಲಿಲ್ಲ. ನೀನು ಅವರಿಗೆ ಫೋನು ಮಾಡಿ, ‘ಹೆಣ್ಣಮಗಳು ಊರ ಅಗಸ್ಯಾಗ ನಿಂತು ಜಗಳಾ ಮಾಡಿದ್ರ ಮನಿ ಮರ್ಯಾದಿ ಏನ ಉಳೀತು, ಇನ್ನ ಆ ಗಾಡಿ ನೀ ಹೊಡಿಯೂದ ಬ್ಯಾಡ’ ಎಂದೆಯಂತೆ. ಹಿರೇ ಮಗನ ಮಾತು ತೆಗೆದುಹಾಕಲು ಆಗಲಿಲ್ಲ, ಆತು ಎಂದುಬಿಟ್ಟೆ ಎಂದು ಹೇಳಿ ಹೋದರು. ಅಣ್ಣಾ, ನನ್ನ ನಂಬರು ನಿನ್ನ ಬಳಿ ಇಲ್ಲವೆ? ಗಾಡಿಯನ್ನು ನಿಲ್ಲಿಸುವುದಿದ್ದರೂ ನನಗೆ ಹೇಳಬೇಕಿತ್ತು. ನೀನು ಅಂದಪ್ಪನ ಮಾತು ಕೇಳಿದೆ, ಕಾಕಾಗೆ ಹೇಳಿದೆ, ನಡುವೆ ಗಾಡಿಯ ಆಫೀಸು ಕಟ್ಟಿದ ನಾನು ಸಾಮಾನಿನ ಹಾಗೆ ಉಳಿದೆ. ಅಬ್ಬಾ ಎಷ್ಟು ಅಗಸಿಗಳಲ್ಲಿ ತೂಕದ ಸಲುವಾಗಿ ಕೂಗಾಡಲಿಲ್ಲ? ಅದನ್ನು ಎಲ್ಲರೂ ವ್ಯಾಪಾರ ಎಂದರು. ನೀನು ಮುಂಡರಗಿ ದಾರಿಯಲ್ಲಿ ಇದೇ ಗಾಡಿಯನ್ನು ಹತ್ತಿಯ ಸಮೇತ ಹಳ್ಳಕ್ಕೆ ಇಳಿಸಿದೆ. ಮರುದಿನ ಅಬ್ಬಾ ನಿನ್ನ ಕೈಗೇ ಚಾವಿ ಕೊಟ್ಟರು. ನಮ್ಮಿಬ್ಬರಿಗೂ ಒಂದೇ ಮೈದಾನದಲ್ಲಿ ಗಾಡಿ ಕಲಿಸಿದರು, ಲೈಸೆನ್ಸೂ ಮಾಡಿಸಿದರು. ಆದರೆ ನಾನು ಹೊಡೆದದ್ದು ಹತ್ತಿ ಮಾರ್ಕೆಟಿನ ಒಳಗೆ ಮಾತ್ರ. ಇಷ್ಟು ವರ್ಷ ಅದನ್ನು ನಾನು ತಪ್ಪೆಂದು ಎಣಿಸಿರಲಿಲ್ಲ. ನನ್ನ ಸಿಟ್ಟಿನಲ್ಲಿ ಸ್ವಲ್ಪ ನನ್ನ ಮೇಲಿನದೂ ಇದೆ, ಆದರೆ ಹೆಚ್ಚಿನದು ನಿನ್ನ ಮೇಲಿನದೇ. ಕಡಿಮೆ ಮಾಡಿ ಬರೆಯುವುದಿಲ್ಲ.

ಅತ್ತಿಗೆಗೆ ಸಲಾಮು. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈ ಇಡು. ಸೊಂಟಕ್ಕೆ ಬಿಸಿ ನೀರಿನ ಶಾಖ ತಪ್ಪಿಸಬೇಡ, ಸಿಟ್ಟಿನಲ್ಲೂ ಹೇಳುತ್ತಿದ್ದೇನೆ.

ನಿನ್ನ ತಂಗಿ,
ಸಬೀನಾ

ತಾ.ಕ.: ಶುಕ್ರವಾರ ಬೆಳಿಗ್ಗೆ, ಅವಸರದಲ್ಲಿ. ಈಗಷ್ಟೇ ಕಾಕಾ ಬಂದರು. ಚಾವಿಯನ್ನು ನನ್ನ ಕೈಯಲ್ಲಿಟ್ಟು, ಗಾಡಿಯನ್ನು ಸುತ್ತುಹಾಕಿ, ಕ್ಲೀನರ್ ಕೂರುವ ಕಡೆಯ ಬಾಗಿಲು ತೆಗೆದು ಹತ್ತಿ ಕುಳಿತಿದ್ದಾರೆ. ‘ಗಾಡಿ ಹೊಡಿಯೂದಿಲ್ಲಂತ ಜಾವೀದಗ ಮಾತು ಕೊಟ್ಟೀನಿ, ಹೊಡಿಯೂದಿಲ್ಲ. ಬಾಜೂಕ ಕುಂಡ್ರಬ್ಯಾಡ ಅಂತ ಅಂವ ಅಂದಿಲ್ಲ. ಜಲ್ದಿ ಹತ್ತವಾ, ಅಡರಕಟ್ಟಿಯವರು ಕಾಯ್ತಾರ’ ಎನ್ನುತ್ತಿದ್ದಾರೆ. ಹಾರ್ನು ಬೇರೆ ಬಾರಿಸುತ್ತಿದ್ದಾರೆ. ಹೊರಟೆ. ಈ ಕಾಗದವನ್ನು ಅಲ್ಲಿಯ ಟಪಾಲು ಡಬ್ಬಿಗೆ ಹಾಕುತ್ತೇನೆ. ನಿನ್ನ ಕೈ ಸೇರಿತೆಂದರೆ, ಗಾಡಿಯನ್ನು ಹಳ್ಳಕ್ಕೆ ಇಳಿಸದೆ ಮುಟ್ಟಿಸಿದೆನೆಂದು ತಿಳಿ.