ದೋಣಿಯ ಮುಂದೆ ಕುಳಿತವನು

ಹಮೀದನ ಅಂಗಡಿ, ಜಗತ್, ಗುಲಬರ್ಗಾ
೨೮ ಮೇ ೧೯೯೨, ಗುರುವಾರ

ಸೌ. ಜಾನಕಿಗೆ,

ಆಶೀರ್ವಾದಗಳು. ನಿನ್ನ ಹೆಸರಿನ ಹಿಂದೆ ‘ಸೌ.’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಕಮಲಾಪುರದಲ್ಲಿ ಈಗ ನಿನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲವೆಂದು ನಿನ್ನೆಯಷ್ಟೇ ತಿಳಿಯಿತು. ಆದರೂ ಬರೆದಿದ್ದೇನೆ. ನಕ್ಷೆಯ ಮೇಲೆ ಊರ ಹೆಸರು ಬರೆದ ಹಾಗೆ ಬಿಡಿಬಿಡಿಯಾಗಿ ಬರೆಯುವವರು ನೀವೊಬ್ಬರೇ ಎಂದು ನಗುತ್ತಿದ್ದೆಯಲ್ಲ, ಅಕ್ಷರ ನೋಡಿದರೆ ಗುರುತು ಸಿಗುತ್ತದೆ. ಹೌದು, ನಾನೇ, ಮುಕುಂದ. ಸತ್ತಿಲ್ಲ. ಬಾಗಿಲು ಮುಂದೆ ಮಾಡಿ, ಕೂತು ಓದು.

ನಿನ್ನೆ ಬೆಳಿಗ್ಗೆ ಬಸ್ಸಿಳಿದು, ಕೋಟೆಯ ಹತ್ತಿರದ ಮನೆಗೆ ಹೋಗುವ ಮೊದಲು ಒಂದು ಅಂಗಿಯ ಅಳತೆ ಕೊಟ್ಟು ಹೋಗೋಣವೆಂದು ಹಮೀದನ ಅಂಗಡಿ ಹತ್ತಿದೆ. ಹದಿನೈದು ವರ್ಷದಿಂದ ನನಗೆ ಒಳಜೇಬು ಇಟ್ಟು ಅಂಗಿ ಹೊಲಿಯುವವನು ಅವನೇ. ನನ್ನನ್ನು ನೋಡಿದವನು ಕೈಯಲ್ಲಿದ್ದ ಇಸ್ತ್ರಿ ಎತ್ತುವುದನ್ನೇ ಮರೆತ. ಯಾರದೋ ಪ್ಯಾಂಟು ಸುಟ್ಟು ಹೊಗೆ ಬಂದ ಮೇಲೆ ಬಾಯಿ ಬಿಟ್ಟ: “ಮುಕುಂದರಾವ್ ಸಾಬ್, ನೀವು ಹೋಗಿಬಿಟ್ಟೀರಲ್ರಿ. ನಿಮ್ಮ ಹತ್ತನೇ ದಿನಕ್ಕ ಕೆರಿ ದಂಡಿಗೆ ನಾನೇ ಬಂದಿದ್ದೆ.” ಆಮೇಲೆ ನನ್ನ ಮೊಣಕೈ ಮುಟ್ಟಿ ನೋಡಿ, ಒಳಗೆ ಕೂರಿಸಿ, ಎಲ್ಲ ಹೇಳಿದ. ಆಗಿನಿಂದ ಅವನ ಬಟ್ಟೆಯ ಗಂಟುಗಳ ನಡುವೆಯೇ ಇದ್ದೇನೆ.

ಏನಾಯಿತೆಂದು ಮೊದಲಿಂದ ಹೇಳುತ್ತೇನೆ. ನನ್ನ ದೋಣಿಯ ಹುಚ್ಚು ನಿನಗೆ ಹೊಸದಲ್ಲ. ವರ್ಷವಿಡೀ ನೀರಾವರಿ ಕಚೇರಿಯಲ್ಲಿ ಕಾಗದದ ಮೇಲೆ ಕಾಲುವೆ ಗೀಚುವವನು ಬೇಸಿಗೆಯ ರಜೆಯಲ್ಲಾದರೂ ನಿಜವಾದ ನೀರಿನ ಮೇಲೆ ಇರಬೇಕು ಎಂದು ನಾನು. ಮನೆಯ ನಳಕ್ಕೆ ನೀರಿಲ್ಲ, ಇವರಿಗೆ ದೋಣಿ ಬೇಕಂತೆ ಎಂದು ನೀನು. ಈ ಸಲ ಕುಮಟಾದ ಕಡೆ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿನ ಹಿನ್ನೀರಿಗೆ ಹೋದೆ. ಒಬ್ಬನಿಗೆ ಸಾಕಾಗುವ ಪಾತಿದೋಣಿ, ಕೈಗೊಂದು ಹುಟ್ಟು, ಮುರಿದರೆ ಇರಲಿ ಎಂದು ಇನ್ನೊಂದು, ಪುಟ್ಟ ಡೇರೆ, ಅಕ್ಕಿ, ಮೆಂತ್ಯದ ಹಿಟ್ಟು. ಹೊರಡುವಾಗ ನಿನಗೆ ಹೇಳಲಿಲ್ಲ. ದೀಪಾವಳಿಯಲ್ಲಿ ಎಲ್ಲರೆದುರು ನಾನು “ನೀ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ” ಎಂದಿದ್ದೆ. ನೀನು ಎರಡು ಸೀರೆ ಮಡಚಿಕೊಂಡು, ನೀನು ಕಲಿಸುವ ಶಾಲೆ ಅಲ್ಲೇ ಇದೆಯೆಂಬ ನೆಪ ಹೇಳಿ, ಕಮಲಾಪುರದ ಬಸ್ಸು ಹತ್ತಿದ್ದೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೇ ಏಳರಂದು ಸಮುದ್ರದ ಇಳಿತದ ಹೊತ್ತಿನಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಆಚೆ ಒಂದು ಮರಳದಿಬ್ಬದ ಮೇಲೆ ಒಬ್ಬ ಮನುಷ್ಯ ಬಿದ್ದಿದ್ದ. ಮೈಮೇಲೆ ನೂಲೂ ಇರಲಿಲ್ಲ. ಮುಖವನ್ನು ಮೀನು ತಿಂದಿದ್ದವು. ನನ್ನಷ್ಟೇ ಎತ್ತರ, ನನ್ನದೇ ವಯಸ್ಸು ಇರಬೇಕು. ಯಾರಿಗಾದರೂ ತಿಳಿಸಬೇಕಿತ್ತು. ಮನಸ್ಸು ತಡೆಯದೆ ನನ್ನ ಅಂಗಿ ಬಿಚ್ಚಿ ಅವನ ಮುಖದ ಮೇಲೆ ಹಾಸಿದೆ, ದೋಣಿ ತಳ್ಳಿಕೊಂಡು ಹೊರಟುಬಿಟ್ಟೆ. ನಾನು ಮಾಡಿದ್ದು ಅಷ್ಟೇ.

ಹತ್ತು ಮಾರು ಹೋಗಿರಲಿಲ್ಲ, ದೋಣಿಯ ಮುಂದಿನ ಮೂತಿ ತಗ್ಗಿತು. ಸಾಮಾನೆಲ್ಲ ಹಿಂದಕ್ಕೆ ಸರಿಸಿದೆ, ಏಳಲಿಲ್ಲ. ಮುಂದೆ ಒಬ್ಬರು ಕೂತರೆ ಎಷ್ಟು ತಗ್ಗಬೇಕೋ ಅಷ್ಟು. ನೀರು ಸೇರಿರಬಹುದೆಂದು ದಡಕ್ಕೆಳೆದು ಬೋರಲು ಹಾಕಿದೆ. ಒಳಗೆ ಒಂದು ಚಿಪ್ಪು ನೀರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಡೇರೆಯಿಂದ ಹೊರಗೆ ಬಂದರೆ, ನಾನು ಮುಟ್ಟದ ಎರಡನೆಯ ಹುಟ್ಟಿನ ಹಲಗೆ ಒದ್ದೆಯಾಗಿತ್ತು. ಇಬ್ಬನಿ ಎಂದುಕೊಂಡೆ. ಆದರೆ ನನ್ನ ಹುಟ್ಟು ಒಣಗಿತ್ತು.

ಹತ್ತನೇ ತಾರೀಖಿನಿಂದ ಇನ್ನೊಂದು ಶುರುವಾಯಿತು. ಅನ್ನ ಮಾಡಿ ಇಳಿಸುವಷ್ಟರಲ್ಲಿ, ನಡುಮಧ್ಯಾಹ್ನ, ನನಗೆ ಹೊಟ್ಟೆ ತುಂಬಿಬಿಡುತ್ತಿತ್ತು. ಬಾಯಲ್ಲಿ ಎಳ್ಳು ಕಲಸಿದ ಸಪ್ಪೆ ಅನ್ನದ ರುಚಿ. ಒಂದು ತುತ್ತೂ ಇಳಿಯುತ್ತಿರಲಿಲ್ಲ. ಪಾತ್ರೆ ಮುಚ್ಚಿಟ್ಟು ಕೈತೊಳೆದು ಬಂದರೆ ಪಾತ್ರೆ ಖಾಲಿ, ತಳ ಒರೆಸಿದ ಹಾಗೆ. ಸುತ್ತ ನಾಯಿಯಿಲ್ಲ, ನರಿಯಿಲ್ಲ, ಮರಳಿನ ಮೇಲೆ ನನ್ನವಲ್ಲದೆ ಬೇರೆ ಹೆಜ್ಜೆಯಿಲ್ಲ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಮರುದಿನದಿಂದ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದೆ.

ಹತ್ತೊಂಬತ್ತರ ಮಧ್ಯಾಹ್ನ, ನೀರಿನ ನಟ್ಟನಡುವೆ, ದೋಣಿಯ ಮೂತಿ ಒಮ್ಮೆಲೇ ಮೇಲೆದ್ದಿತು. ನಾನು ಹಿಂದಕ್ಕೆ ಬೀಳುವುದರಲ್ಲಿದ್ದೆ. ಯಾರೋ ಇಳಿದು ಹೋದ ಹಾಗೆ. ಆಮೇಲೆ ಹುಟ್ಟು ಒದ್ದೆಯಾಗಲಿಲ್ಲ, ಹಸಿವೆಯೂ ಮೊದಲಿನಂತೆ ಆಗತೊಡಗಿತು.

ನಿನ್ನೆ ಹಮೀದ ಹೇಳಿದ ತಾರೀಖುಗಳನ್ನು ಬೆರಳು ಮಡಚಿ ಎರಡೆರಡು ಸಲ ಎಣಿಸಿದೆ. ಅಂಗಿಯ ಕಾಲರಿಗೆ ಅವನು ಹೊಲಿದಿದ್ದ ಅಂಗಡಿಯ ಚೀಟಿ ಓದಿ ಪೊಲೀಸರು ಇಲ್ಲಿಗೆ ಫೋನು ಮಾಡಿದರಂತೆ, ಒಳಜೇಬಿದೆ ಎಂದಾಗ ಅದು ನನ್ನ ಅಂಗಿಯೆಂದು ಹಮೀದನೇ ಹೇಳಿದನಂತೆ. ನರಸಿಂಹಣ್ಣ ನಿನ್ನನ್ನು ಕರೆದುಕೊಂಡು ಕುಮಟಾಕ್ಕೆ ಹೋದದ್ದು, ಅಲ್ಲೇ ದಹನ ಮಾಡಿದ್ದು ಹತ್ತನೇ ತಾರೀಖು. ಅಂದಿನಿಂದ ದಿನಾ ಮಧ್ಯಾಹ್ನ ಅಣ್ಣ ನನ್ನ ಹೆಸರು, ನಮ್ಮ ಗೋತ್ರ ಹೇಳಿ ಪಿಂಡ ಇಟ್ಟಿದ್ದಾನೆ. ನನ್ನ ಹೆಸರಿಗೆ ಇಟ್ಟದ್ದು ನನಗೇ ಬಂದಿದೆ. ಆ ಬಡಪಾಯಿಗೆ ಏನೂ ಮುಟ್ಟದೆ ನನ್ನ ಪಾತ್ರೆಗೆ ಕೈಹಾಕಿದ್ದಾನೆ.

ಹತ್ತನೆಯ ದಿನ ಕೆರೆಯ ದಂಡೆಯಲ್ಲಿ ಎರಡು ತಾಸು ಕಾದರೂ ಕಾಗೆ ಪಿಂಡ ಮುಟ್ಟಲಿಲ್ಲವಂತೆ. ಅಣ್ಣ ಕೈಮುಗಿದು, ತಮ್ಮಾ, ಜಾನಕಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ಮುಟ್ಟಲಿಲ್ಲ. ಕೊನೆಗೆ ನೀನು ಹತ್ತಿರ ಹೋಗಿ, ಬಗ್ಗಿ, ಏನೋ ಹೇಳಿದೆಯಂತೆ. ಹಮೀದ ದೂರ ನಿಂತಿದ್ದ, ಕೇಳಿಸಲಿಲ್ಲ. “ಭಾಬಿ ಬಾಯಿ ಮುಚ್ಚೋದ್ರಾಗ ಕಾಗಿ ಇಳೀತ್ರಿ” ಎಂದ. ನೀನು ಏನು ಹೇಳಿದೆ?

ಇನ್ನೊಂದು ಪ್ರಶ್ನೆ. ಕುಮಟಾದಲ್ಲಿ ಹೆಣವಿಟ್ಟಿದ್ದ ಕೋಣೆಗೆ ಹೋದಾಗ ಅಣ್ಣ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತನಂತೆ. ನೀನು ಒಳಗೆ ಹೋಗಿ ಬಟ್ಟೆ ಸರಿಸಿ, ಕಾಲು ನೋಡಿ, “ಇವರೇ” ಎಂದೆಯಂತೆ. ನನ್ನ ಎಡಗಾಲಿಗೆ ಕಿರುಬೆರಳಿಲ್ಲ. ಅವನ ಕಾಲಿಗೆ ಐದೂ ಇದ್ದವು, ನಾನೇ ನೋಡಿದ್ದೇನೆ. ಗಾಬರಿಯಲ್ಲಿ ಬಲಗಾಲು ನೋಡಿದೆಯೋ ಏನೋ. ನಿನ್ನನ್ನು ದೂರುತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಮೀದ, ಯಾರದೋ ಊರಿನ ಸುದ್ದಿ ಎಂಬಂತೆ, ಆಚಾರ್ಯರನ್ನು ಕೇಳಿಕೊಂಡು ಬಂದ. ಕರ್ಮ ಮುಗಿದವನು ಬದುಕಿ ಬಂದರೆ ಹಾಗೇ ಹೊಸ್ತಿಲು ದಾಟುವಂತಿಲ್ಲ. ಅವನು ಹೊಸದಾಗಿ ಹುಟ್ಟಬೇಕು: ಜಾತಕರ್ಮ, ನಾಮಕರಣ, ಮುಂಜಿ ಎಲ್ಲ ಮತ್ತೆ. ಕೊನೆಗೆ ಮದುವೆ, ಅದೇ ಹೆಂಡತಿಯ ಜೊತೆ. “ಅಕಿ ಒಪ್ಪಿದ್ರ” ಎಂದು ಆಚಾರ್ಯರು ಸೇರಿಸಿದರಂತೆ. ನಲವತ್ತೊಂದು ವರ್ಷದ ಶಿಶುವಿಗೆ ತೊಟ್ಟಿಲು ಎಲ್ಲಿ ತರೋಣ ಎಂದು ಹಮೀದ ನಗುತ್ತಾನೆ. ನನಗೆ ನಗು ಬರುವುದಿಲ್ಲ. ಅಣ್ಣನಿಗೆ ಇನ್ನೂ ಮುಖ ತೋರಿಸಿಲ್ಲ. ಮೊದಲು ನಿನ್ನ ಮಾತು ಬರಲಿ. ಜಾನಕಿ, ನನ್ನನ್ನು ಮತ್ತೊಮ್ಮೆ ಮದುವೆಯಾಗುತ್ತೀಯಾ?

ನಿನ್ನ ಉತ್ತರಕ್ಕೆ ಕಾದಿರುವ
ಮುಕುಂದ

*

ಕಮಲಾಪುರ
೩೧ ಮೇ ೧೯೯೨

ಶ್ರೀ ಮುಕುಂದರಾಯರಿಗೆ,

ನಮಸ್ಕಾರಗಳು. ನಿಮ್ಮ ಪತ್ರ ಶನಿವಾರ ಬಂತು. ಅಕ್ಷರದ ಗುರುತು ಹತ್ತಿತು. ನೀವು ಬದುಕಿದ್ದೀರೆಂದು ನನಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಬಾಗಿಲು ಹಾಕಿಕೊಳ್ಳಲಿಲ್ಲ.

ನಾನು ಬಲಗಾಲು ನೋಡಲಿಲ್ಲ. ಎಡಗಾಲನ್ನೇ ನೋಡಿದೆ, ಬೆರಳುಗಳನ್ನು ಎಣಿಸಿಯೇ “ಇವರೇ” ಎಂದೆ. ನಿಮ್ಮಣ್ಣ ಪಾಪ, ನನ್ನನ್ನು ನಂಬಿ ಹತ್ತು ದಿನ ನೀರು ಬಿಟ್ಟರು. ಸುಳ್ಳು ಹೇಳಿದ್ದು ನಾನೆಂದು ಅವರಿಗೆ ನಾನೇ ಬಂದು ಹೇಳುತ್ತೇನೆ. ನೀವು ಅವರ ಮುಂದೆ ಹೋಗಿ ನಿಲ್ಲಲು ತಡಮಾಡಬೇಡಿ.

ಕೆರೆಯ ದಂಡೆಯಲ್ಲಿ ಹೇಳಿದ್ದು ಇಷ್ಟು: “ನೀವು ಯಾರೋ ನನಗ ಗೊತ್ತಿಲ್ರಿ. ನಮ್ಮನಿಯವರಂತೂ ಅಲ್ಲ. ನಿಮ್ಮ ಹೆಸರು ಹೇಳ್ಲಾರದ ಇಟ್ಟೀವಿ, ತಪ್ಪಾತು. ಹಸಿದು ಕುಂತೀರಿ, ಉಣ್ರಿ.” ಆಗ ಕಾಗೆ ಇಳಿಯಿತು.

ಅವರು ನಿಮ್ಮ ದೋಣಿಯಿಂದ ಇಳಿದು ಎಲ್ಲಿಗೆ ಹೋದರೆಂದು ನೀವು ಕೇಳಲಿಲ್ಲ. ಹೇಳುತ್ತೇನೆ. ಜಗತ್ತಿನಲ್ಲಿ ಅವರಿಗೆಂದು ತುತ್ತು ಇಟ್ಟವರು ನಾನೊಬ್ಬಳೇ ಇರಬೇಕು ಎನಿಸಿ, ಅವತ್ತಿನಿಂದ ದಿನಾ ಮಧ್ಯಾಹ್ನ ನನ್ನ ಎದುರಿಗೆ ಒಂದು ಮಣೆ ಹಾಕಿ ಬಡಿಸುತ್ತೇನೆ. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮಣೆ ಒದ್ದೆಯಾಗಿರುತ್ತದೆ. ಮೊದಲ ದಿನ ಬೆರಳಿಗೆ ತಾಗಿಸಿ ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪು. ಕಮಲಾಪುರದ ಬಾವಿಗಳಲ್ಲಿ ಅಂಥ ನೀರಿಲ್ಲ. ನನಗೆ ಹೆದರಿಕೆಯಿಲ್ಲ. ನಿನ್ನೆ ಶಾಲೆಯ ಕೆಲಸದಿಂದ ಬರುವುದು ತಡವಾಯಿತು. ಬಂದು ನೋಡಿದರೆ ಗೋಡೆಗೆ ಆನಿಸಿಟ್ಟಿದ್ದ ಮಣೆಗಳು ಎರಡೂ ಎದುರುಬದುರು ಹಾಕಿದ್ದವು. ನಾನಿರುವುದು, ಇಲ್ಲದಿರುವುದು ಅವರಿಗೆ “ಅಷ್ಟೇ” ಅಲ್ಲ.

ಜಾತಕರ್ಮ, ನಾಮಕರಣ, ಮುಂಜಿ ನಿಮ್ಮಣ್ಣ ಮಾಡಿಸಲಿ. ಚೆನ್ನಾಗಿ ಬಾಳಿ. ಮದುವೆಗೆ ಮೊದಲ ಸಲ ನನ್ನನ್ನು ಯಾರೂ ಕೇಳಿರಲಿಲ್ಲ, ಈ ಸಲ ಕೇಳಿದಿರಿ, ಅದಕ್ಕೆ ಉಪಕಾರವಾಯಿತು. ಒಲ್ಲೆ.

ಇತಿ,
ಜಾನಕಿ

ತಾ.ಕ.: ಅಂಗಿಯನ್ನು ಮುಖದ ಮೇಲೆ ಹಾಸಿದೆ ಎಂದು ಬರೆದಿದ್ದೀರಿ. ನಾನು ನೋಡಿದಾಗ ಎರಡೂ ತೋಳು ತೊಡಿಸಿತ್ತು. ಏಳು ಗುಂಡಿಗಳೂ ಹಾಕಿದ್ದವು, ನೀವು ಎಂದೂ ಹಾಕಿಕೊಳ್ಳದ ಕಾಲರಿನ ಗುಂಡಿಯೂ ಸೇರಿ. ಒಳಜೇಬಿನಲ್ಲಿ ಸದಾ ಇರುವ ನಿಮ್ಮ ಪೆನ್ಸಿಲನ್ನು ಮಾತ್ರ ಜ್ಞಾಪಕದಿಂದ ತೆಗೆದುಕೊಂಡಿದ್ದಿರಿ. ಆ ಅಂಗಿಯನ್ನು ನೀವು ನನಗೆ ಬರೆದ ಪತ್ರವೆಂದೇ ಓದಿದೆ. “ಇವರೇ” ಎಂದು ನಿಮಗೆ ಬೇಕಾದ ಉತ್ತರವನ್ನೇ ಕೊಟ್ಟೆ.